ಅಂಚೆಚೀಟಿಯೂ ತೇದಿಯಿಲ್ಲದ ಪತ್ರವೂ

ಮನೆತನದ ಹಳೆಯ ಕಾಗದಪತ್ರಗಳನ್ನು ಇತಿಹಾಸದ ಆಕರವಾಗಿ ಬಳಸಹೊರಟವರಿಗೆ ಮೊದಲು ಎದುರಾಗುವ ತೊಡಕು ಕಾಲನಿರ್ಣಯದ್ದು. ಹತ್ತೊಂಬತ್ತನೆಯ ಶತಮಾನದ ಖಾಸಗಿ ಪತ್ರಗಳಲ್ಲಿ ಬಹುಮಟ್ಟಿಗೆ ಮಾಸ, ಪಕ್ಷ, ತಿಥಿ, ವಾರಗಳಿರುತ್ತವೆ, ವರ್ಷವಿರುವುದಿಲ್ಲ. ಬರೆದವರಿಗೂ ಓದಿದವರಿಗೂ ಅದು ಯಾವ ವರ್ಷವೆಂಬುದು ಗೊತ್ತಿದ್ದ ಸಂಗತಿಯೇ ಆಗಿದ್ದಿತು. ಅಂಚೆಯ ಮುದ್ರೆ ಮಸಿಯಲ್ಲಿ ಕಲಸಿಹೋಗಿದ್ದರೆ ಪತ್ರಕ್ಕೆ ವರ್ಷವೇ ಇಲ್ಲವಾಗುತ್ತದೆ. ಇಂತಹ ಸ್ಥಿತಿಯಲ್ಲಿ ಸಂಶೋಧಕನ ನೆರವಿಗೆ ಬರುವ ಸಾಕ್ಷಿಯೆಂದರೆ ಅದರ ಮೇಲಿನ ಅಂಚೆಚೀಟಿ.

ಪುಣೆಯ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಆ ಕಾಲದಲ್ಲಿ ಧಾರವಾಡ, ಬೆಳಗಾವಿ, ಮುಂದೆ ವಿಜಾಪುರವೆನಿಸಿದ ಕಲಾದಗಿ, ಈ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ಅದಕ್ಕೆ ಮೊದಲು ಉಚ್ಚ ಶಿಕ್ಷಣವನ್ನು ಬಯಸಿದ ಅಲ್ಲಿನ ತರುಣರು ಡೆಕ್ಕನ್ ಕಾಲೇಜಿಗೋ, 1885ರಲ್ಲಿ ಸ್ಥಾಪಿತವಾದ ಫರ್ಗುಸನ್ ಕಾಲೇಜಿಗೋ, ಮುಂಬಯಿಗೋ ಹೋಗಬೇಕಾಗಿದ್ದಿತು. ಆಲೂರ ವೆಂಕಟರಾಯರೂ ಫರ್ಗುಸನ್ನಿನಲ್ಲಿ ಓದಿದವರೇ. ಓದಿಗೂ ನೌಕರಿಗೂ ಬಂದು ನೆಲಸಿದವರ ಮನೆಗಳಲ್ಲಿ ಊರಿನ ಪತ್ರಗಳು ಕಟ್ಟುಕಟ್ಟಾಗಿ ಉಳಿದುವು. ಪೇಟೆಯ ಹಳೆಯ ವಾಡೆಗಳನ್ನು ಬಿಟ್ಟು ವಿಮಾನ ನಗರದಂತಹ ಹೊಸ ಬಡಾವಣೆಗಳ ಮನೆಗಳಿಗೆ ಹೋಗುವಾಗ ಇಂತಹ ಕಟ್ಟುಗಳು ರದ್ದಿಗೆ ಬೀಳುವ ಸಂಭವವುಂಟು. ರದ್ದಿಗೆ ಬೀಳದಿದ್ದರೆ ಚೀಟಿಯಷ್ಟನ್ನೇ ಕತ್ತರಿಸಿಕೊಂಡು ಪತ್ರವನ್ನು ಬಿಸುಡುವುದುಂಟು. ಇವೆರಡರಿಂದಲೂ ಆಗುವ ಹಾನಿ ಒಂದೇ.

ಏಷ್ಯಾದ ಮೊದಲ ಅಂಚೆಚೀಟಿ ಹೊರಟುದು ಮುಂಬಯಿ ಪ್ರಾಂತದ ಆಡಳಿತಕ್ಕೊಳಪಟ್ಟಿದ್ದ ಸಿಂಧದಲ್ಲಿ. ಅಲ್ಲಿನ ಕಮೀಷನರನಾಗಿದ್ದ ಬಾರ್ಟಲ್ ಫ್ರೀಯರನು 1852ರ ಜುಲೈ 1ರಂದು ಅರ್ಧಾಣೆಯ ಸಿಂಧ್ ಡಾಕ್ ಚೀಟಿಯನ್ನು ಜಾರಿಗೆ ತಂದನು. ದೇಶಕ್ಕೆಲ್ಲ ಅನ್ವಯಿಸುವ ಚೀಟಿಗಳು 1854ರ ಅಕ್ಟೋಬರ್ 1ರಿಂದ ಬಳಕೆಗೆ ಬಂದುವು. ದೂರವನ್ನೆಣಿಸದೆ ತೂಕವನ್ನಷ್ಟೇ ನೋಡುವ ಏಕರೂಪದ ದರವೂ ಆಗಲೇ ಬಂದಿತು. ನೀಲಿಯ ಅರ್ಧಾಣೆ, ಕೆಂಪಿನ ಒಂದಾಣೆ, ಎರಡು ಬಣ್ಣಗಳ ನಾಲ್ಕಾಣೆಗಳನ್ನು ಕಲಕತ್ತೆಯ ಸರ್ವೇ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರನ ಮೇಲ್ವಿಚಾರಣೆಯಲ್ಲಿ ಕಲ್ಲಚ್ಚಿನಿಂದ ಮುದ್ರಿಸಲಾಯಿತು. ಇವುಗಳ ಅಂಚಿಗೆ ರಂಧ್ರಗಳಿಲ್ಲ, ಕತ್ತರಿಯಿಂದಲೇ ಬಿಡಿಸಬೇಕಾಗಿದ್ದಿತು. ಆದುದರಿಂದ ಇವುಗಳನ್ನು ಗುರುತಿಸುವುದು ಸುಲಭ.

ತೊಡಕಿರುವುದು ಅನಂತರದ ಚೀಟಿಗಳಲ್ಲಿ. 1855ರಿಂದ ಮುದ್ರಣವು ಲಂಡನ್ನಿನ ಡಿ ಲಾ ರ್ಯೂ ಸಂಸ್ಥೆಗೆ ಹೋಯಿತು. ನಾಸಿಕದಲ್ಲಿ ಸರಕಾರಿ ಮುದ್ರಣಾಲಯ ಸ್ಥಾಪನೆಯಾಗುವ ವರೆಗೆ, ಅಂದರೆ ಸುಮಾರು 70 ವರ್ಷ, ಅದೇ ಸಂಸ್ಥೆಯು ಭಾರತದ ಚೀಟಿಗಳನ್ನು ಅಚ್ಚುಹಾಕಿತು. ರಾಣಿಯ ಮುಖ ಅದೇ, ಅರ್ಧಾಣೆಯ ನೀಲಿ ಅದೇ. ಆದರೆ ಕಾಗದ ಬದಲಾಯಿತು. 1855ರ ನಾಲ್ಕಾಣೆ, ಎಂಟಾಣೆಗಳು ನೀಲಿ ಛಾಯೆಯ ಕಾಗದದ ಮೇಲಿವೆ. 1856ರಿಂದ ಬಿಳಿಯ ಕಾಗದ ಬಂದಿತು, ಅದರಲ್ಲಿ ವಾಟರ್‌ಮಾರ್ಕಿಲ್ಲ. 1865ರಿಂದ ಆನೆಯ ತಲೆಯ ವಾಟರ್‌ಮಾರ್ಕುಳ್ಳ ಕಾಗದ, 1882ರಿಂದ ಆರಂಭವಾದ ಮಾಲಿಕೆಯಲ್ಲಿ ನಕ್ಷತ್ರದ ಗುರುತುಳ್ಳ ಕಾಗದ. ಇದರ ನಡುವೆ 1873ರಲ್ಲಿ ಅರ್ಧಾಣೆಗೆ ಎರಡನೆಯ ಅಚ್ಚು ಬಂದಿತು; ರೇಖೆಗಳ ಸೂಕ್ಷ್ಮವಾದ ಆ ವ್ಯತ್ಯಾಸವನ್ನು ಕಾಣಲು ಭೂತಗನ್ನಡಿ ಬೇಕು. ಲಿಪಿಯೂ ಒಂದು ಗುರುತು. 1858ರಲ್ಲಿಯೇ ಕಂಪನಿಯ ಆಳ್ವಿಕೆ ಮುಗಿದಿದ್ದರೂ ಚೀಟಿಗಳ ಮೇಲೆ ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂದೇ ಇದ್ದಿತು. 1882ರ ಮಾಲಿಕೆಯಲ್ಲಿ ಅದು ‘ಇಂಡಿಯಾ ಪೋಸ್ಟೇಜ್’ ಎಂದಾಯಿತು. ಅದರೊಡನೆ ಅರ್ಧಾಣೆಯ ಬಣ್ಣ ನೀಲಿಯಿಂದ ನೀಲಿಮಿಶ್ರಿತ ಹಸುರಿಗೆ ತಿರುಗಿತು. 1900ರಲ್ಲಿ ಅದೇ ಅರ್ಧಾಣೆ ಹಳದಿಮಿಶ್ರಿತ ಹಸುರಾಯಿತು, ಒಂದಾಣೆಯು ಕಡುಗೆಂಪಾಯಿತು.

ಇದೇ ಕಾಲದ ಅಮೇರಿಕದ ಚೀಟಿಗಳೊಡನೆ ಹೋಲಿಸಿದರೆ ಈ ವಿಧಾನದ ಸ್ವರೂಪ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ 1870ರಲ್ಲಿ ನ್ಯಾಶನಲ್, 1873ರಲ್ಲಿ ಕಾಂಟಿನೆಂಟಲ್, 1879ರಲ್ಲಿ ಅಮೇರಿಕನ್ ಎಂಬ ಮೂರು ಬ್ಯಾಂಕ್ ನೋಟ್ ಕಂಪನಿಗಳು ಒಂದರ ಅನಂತರ ಒಂದು ಅವೇ ಚಿತ್ರಗಳನ್ನು ಮುದ್ರಿಸಿದುವು. ಕಾಂಟಿನೆಂಟಲ್ ಮುದ್ರಿಸಿದ ಸಣ್ಣ ಬೆಲೆಯ ಚೀಟಿಗಳಲ್ಲಿ ಗುಪ್ತಚಿಹ್ನೆಗಳಿವೆ: ಫ್ರಾಂಕ್ಲಿನ್ನನ ಒಂದು ಸೆಂಟಿನಲ್ಲಿ ಅಂಕಿಯ ಎಡದ ಮುತ್ತಿನೊಳಗೆ ಒಂದು ಬಾಗಿದ ಗೆರೆ, ಜ್ಯಾಕ್ಸನ್ನನ ಎರಡು ಸೆಂಟಿನಲ್ಲಿ ಒಂದು ಪುಟ್ಟ ಓರೆಗೆರೆ. ಅಮೇರಿಕನ್ ಕಂಪನಿಯ ಕಾಗದ ಮೆತ್ತಗಿನದು. ಅಲ್ಲಿ ಮುದ್ರಕರು ಬದಲಾದರು, ಚಿತ್ರ ಉಳಿಯಿತು. ಇಲ್ಲಿ ಮುದ್ರಕನೊಬ್ಬನೇ, ಕಾಗದವೂ ಲಿಪಿಯೂ ಬದಲಾದುವು. ಎರಡೂ ಕಡೆ ಚೀಟಿಯ ಪ್ರಭೇದವನ್ನು ಅರಿಯುವುದೆಂದರೆ ಅದು ಹುಟ್ಟಿದ ಕಾಲವನ್ನು ಅರಿಯುವುದು.

ಈಗ ಒಂದು ಪತ್ರವನ್ನು ಊಹಿಸಿಕೊಳ್ಳಬಹುದು. ಒಳಗೆ ಶ್ರಾವಣ ಶುದ್ಧ ಪಂಚಮಿ, ಸೋಮವಾರ ಎಂದಿಷ್ಟೇ ಇದೆ. ಹೊರಗೆ ಎರಡನೆಯ ಅಚ್ಚಿನ ನೀಲಿ ಅರ್ಧಾಣೆ ಇದೆ. ಪತ್ರವು 1873ಕ್ಕಿಂತ ಹಿಂದಿನದಲ್ಲ. ಹಸುರು ಅರ್ಧಾಣೆ ರೂಢಿಗೆ ಬಂದ ಮೇಲಿನದಾಗುವ ಸಂಭವ ಕಡಿಮೆ. ಹೀಗೆ ಸುಮಾರು ಹತ್ತು ವರ್ಷಗಳ ಅವಧಿ ದೊರೆಯಿತು. ಒಂದು ತಿಥಿಯು ನಿರ್ದಿಷ್ಟ ವಾರದಂದೇ ಬರುವುದು ಸರಾಸರಿ ಏಳು ವರ್ಷಗಳಲ್ಲಿ ಒಮ್ಮೆ. ಆದುದರಿಂದ ಪಂಚಾಂಗದ ಕೋಷ್ಟಕಗಳನ್ನು ನೋಡಿದರೆ ಸಾಮಾನ್ಯವಾಗಿ ಒಂದೆರಡು ವರ್ಷಗಳಷ್ಟೇ ಉಳಿಯುತ್ತವೆ. ಅಂತಹ ಕೋಷ್ಟಕಗಳನ್ನೊಳಗೊಂಡ ‘ದಿ ಇಂಡಿಯನ್ ಕ್ಯಾಲೆಂಡರ್’ ಗ್ರಂಥವನ್ನು ರಾಬರ್ಟ್ ಸೀವೆಲ್ಲನೊಡನೆ 1896ರಲ್ಲಿ ಹೊರತಂದ ಶಂಕರ ಬಾಳಕೃಷ್ಣ ದೀಕ್ಷಿತರು ಪುಣೆಯಲ್ಲಿಯೇ ಅಧ್ಯಾಪಕರಾಗಿದ್ದವರು. ಉಳಿದ ಒಂದೆರಡು ವರ್ಷಗಳಲ್ಲಿ ಯಾವುದು ಸರಿಯೆಂಬುದನ್ನು ಪತ್ರದಲ್ಲಿಯೇ ಬರುವ ಮದುವೆ, ಮರಣ, ಬರಗಾಲಗಳ ಸುದ್ದಿ ತಿಳಿಸೀತು.

ಆದರೆ ಈ ಸಾಕ್ಷಿಗೆ ಮಿತಿಗಳುಂಟು. ಚೀಟಿಯು ನಿಶ್ಚಯವಾಗಿ ಹೇಳುವುದು ಪತ್ರವು ಯಾವಾಗಿನಿಂದ ಈಚಿನದೆಂಬುದನ್ನು ಮಾತ್ರ. ಮನೆಯಲ್ಲಿ ಉಳಿದ ಹಳೆಯ ಚೀಟಿಯನ್ನು ಮುಂದೆಂದೋ ಅಂಟಿಸಿರಬಹುದು. ಬಿಸಿಲಿಗೂ ನೀರಿಗೂ ಬಣ್ಣ ಮಾಸುವುದರಿಂದ ಛಾಯೆಯೊಂದನ್ನೇ ನೆಚ್ಚಲಾಗದು. ಚೀಟಿಯಿಲ್ಲದ ಪತ್ರವೆಲ್ಲ 1854ಕ್ಕೆ ಹಿಂದಿನದೆಂದೂ ಹೇಳಲಾಗದು: ಹಣ ತೆರದೆ ಕಳುಹಿಸಿದ ಬೇರಿಂಗ್ ಪತ್ರಗಳಿದ್ದುವು, ಮೈಸೂರಿನ ಸ್ವಂತ ಅಂಚೆಯು ತನ್ನದೇ ಅಂಚೆಚೀಟಿಗಳಿಲ್ಲದೆಯೇ ನಡೆದು 1889ರಲ್ಲಿ ಸರಕಾರಿ ಅಂಚೆಯಲ್ಲಿ ಲೀನವಾಯಿತು. ಕಲಬುರ್ಗಿ, ರಾಯಚೂರುಗಳಿದ್ದ ಹೈದರಾಬಾದು ಸಂಸ್ಥಾನವು 1869ರಿಂದ ತನ್ನ ಚೀಟಿಗಳನ್ನು ಹೊರಡಿಸಿತಾದರೂ, 1871ರ ಮಾದರಿ ಮೂರು ದಶಕಗಳಿಗೂ ಮಿಕ್ಕಿ ನಡೆದುದರಿಂದ ಆ ಚಿತ್ರವೊಂದೇ ಕಾಲವನ್ನು ಹೇಳಲಾರದು.

ಇಲ್ಲಿ ಒಂದು ಧರ್ಮಸಂಕಟವಿದೆ. 1865ಕ್ಕೆ ಹಿಂದಿನ ಅರ್ಧಾಣೆಗೂ ಮುಂದಿನದಕ್ಕೂ ಇರುವ ಮುಖ್ಯ ಭೇದ ವಾಟರ್‌ಮಾರ್ಕು; ಅದು ಚೀಟಿಯ ಬೆನ್ನಿಗಿದೆ. ಚೀಟಿಯನ್ನು ನೆನೆಸಿ ಬಿಡಿಸಿದರೆ ಆನೆಯ ತಲೆ ಕಂಡೀತು. ಆದರೆ ಯಾವ ಪತ್ರದ ಕಾಲವನ್ನು ತಿಳಿಯಬೇಕಾಗಿದ್ದಿತೋ ಅದರೊಡನೆ ಚೀಟಿಯ ಸಂಬಂಧವೇ ಕಡಿದುಹೋಗುತ್ತದೆ. ಎರಡನ್ನೂ ಸೇರಿಸಿ ಹೊಡೆದ ಮುದ್ರೆಯೂ ಇಬ್ಭಾಗವಾಗುತ್ತದೆ. ಹಾಳೆಯನ್ನು ಬಿಚ್ಚಿ ದೀಪಕ್ಕೆ ಹಿಡಿದಾಗ ಕಂಡಷ್ಟರಿಂದ ತೃಪ್ತರಾಗುವುದೇ ಮೇಲು. ಸಂಗ್ರಾಹಕನಿಗೆ ಬೇಕಾದುದು ಚೀಟಿ, ಇತಿಹಾಸಕಾರನಿಗೆ ಬೇಕಾದುದು ಚೀಟಿಯುಳ್ಳ ಪತ್ರ. ಬಿಡಿಯಾದ ನೀಲಿ ಅರ್ಧಾಣೆಗಳು ಇಂದಿಗೂ ಸಂಗ್ರಾಹಕರಲ್ಲಿ ದೊರೆಯುತ್ತವೆ. ಧಾರವಾಡದ ತಂದೆ ಪುಣೆಯ ಮಗನಿಗೆ ಬರೆದ ಒಂದು ಪತ್ರ ಹೋದರೆ ಇನ್ನೊಂದು ದೊರೆಯುವುದಿಲ್ಲ.