ಜಾತ್ರೆ ಬಂಡಿಯ ಹಾಸಿಗೆ

ಜಾತ್ರೆಗೆ ಹೊರಟ ಚಕ್ಕಡಿ ಅಥವಾ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮನೆಮಂದಿಗೆಲ್ಲ ಮಲಗಲು ಜಾಗ ಮಾಡಿಕೊಳ್ಳುವ ರೂಢಿ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ರೋಣದಿಂದ ಬೇರ್ಪಟ್ಟು ತಾಲ್ಲೂಕಾದ ಗಜೇಂದ್ರಗಡದ ಸೀಮೆಯಲ್ಲಿ, ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ರೈತರಲ್ಲಿ ಇದನ್ನು ಕಾಣಬಹುದು.

ಚಕ್ಕಡಿಯ ಹಲಗೆಯ ಮೇಲೆ ಮೊದಲು ಜೋಳದ ಕಣಿಕೆ, ಅದರ ಮೇಲೆ ಕೌದಿ. ಕಣಿಕೆಯೇ ಎತ್ತುಗಳ ಮೇವು. ಹೀಗಾಗಿ ದಿನ ಕಳೆದಂತೆ ಹಾಸಿಗೆ ತೆಳ್ಳಗಾಗುತ್ತ ಹೋಗುತ್ತದೆ. ಎತ್ತುಗಳ ಕೊಳ್ಳ ಹರಿದ ಮೇಲೆ ಬಂಡಿಯ ಕೆಳಗಿನ ನೆಲವೇ ಎರಡನೆಯ ಕೋಣೆ. ಪಕ್ಕಕ್ಕೆ ತಾಡಪಾಲು ಇಳಿಬಿಟ್ಟು, ಅಂಚಿಗೆ ಕಲ್ಲು ಹೇರಿದರೆ ಪುಷ್ಯ-ಮಾಘದ ಥಂಡಿ ಗಾಳಿ ಒಳನುಗ್ಗದು. ಮುದುಕರು, ಮಕ್ಕಳು ಮೇಲೆ, ಉಳಿದವರು ಕೆಳಗೆ.

ಟ್ರೇಲರಿನಲ್ಲಿ ಜಾಗ ಹೆಚ್ಚು. ಎರಡೂ ಬದಿಯ ತಗಡಿನ ಮೇಲೆ ಅಡ್ಡ ಹಲಗೆ ಜೋಡಿಸಿ ಬಿಗಿದರೆ ಅಟ್ಟ ಸಿದ್ಧ. ಅಟ್ಟದ ಕೆಳಗೆ ಹಿಟ್ಟಿನ ಚೀಲ, ಬುತ್ತಿಯ ಗಂಟು, ಪಾತ್ರೆ. ಬಾಗಿಸಿದ ಬಿದಿರಿನ ಮೇಲೆ ತಾಡಪಾಲು ಹೊದಿಸಿದರೆ ಮಾಡೂ ಆಯಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನುಗಳಲ್ಲಿ ಚಾವಣಿಯನ್ನು ಮೇಲೆತ್ತಿ ಇನ್ನೊಂದು ಹಾಸಿಗೆ ಪಡೆಯುವುದೂ ಇದೇ ಲೆಕ್ಕ: ನೆಲ ಸಾಲದಿದ್ದರೆ ಎತ್ತರವನ್ನು ಬಳಸಿಕೊಳ್ಳುವುದು. ದುಬಾರಿ ಸಲಕರಣೆಯಿಲ್ಲದೆ, ಹೊಲ-ಮನೆಯ ಸಾಮಾನಿನಲ್ಲೇ ಮುಗಿಯುವ ಈ ಏರ್ಪಾಡು ನಿಜಕ್ಕೂ ಮೆಚ್ಚುವಂಥದ್ದು.

ಆದರೆ ಅಟ್ಟ ನಿಂತ ಬಂಡಿಗಷ್ಟೇ ಸರಿ. ಟ್ರೇಲರಿನಲ್ಲಿ ಜನರನ್ನು ಸಾಗಿಸುವುದಕ್ಕೆ ಮೋಟಾರು ವಾಹನ ಕಾನೂನಿನ ಒಪ್ಪಿಗೆಯಿಲ್ಲ. ಚಲಿಸುವಾಗ ಹಲಗೆಯ ಮೇಲೆ ಯಾರನ್ನೂ ಮಲಗಿಸಬಾರದು.