ಓಲೆಗರಿಯಿಂದ ಅಂತರ್ಜಾಲಕ್ಕೆ: ಹಳಕಟ್ಟಿಯವರ ಕಾಯಕ

ನಂಬಿಕೆ, ದುಡಿಮೆ, ಸಂಸಾರ – ಈ ಮೂರನ್ನೂ ಸರಿದೂಗಿಸಿಕೊಂಡು ಬಾಳುವುದು ಹೇಗೆಂಬ ಪ್ರಶ್ನೆ ನಿವೃತ್ತಿಯ ನಂತರ ನನ್ನನ್ನು ಹೆಚ್ಚಾಗಿ ಕಾಡುತ್ತಿದೆ. ಆಗೆಲ್ಲ ನೆನಪಾಗುವವರು ಫ.ಗು. ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರ ತಂದೆ ಗುರುಬಸಪ್ಪನವರು ಶಿಕ್ಷಕರು. ಮುಂಬಯಿಯಲ್ಲಿ ವ್ಯಾಸಂಗ ಮಾಡಿ ಕಾನೂನು ಪದವಿ ಪಡೆದ ಮಗ, ಇಂದು ವಿಜಯಪುರವೆನಿಸಿರುವ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ವಿದ್ಯಾಸಂಸ್ಥೆ, ಸಹಕಾರಿ ಬ್ಯಾಂಕು ಕಟ್ಟುವಲ್ಲಿಯೂ ಮುಂದಾದರು. ಅವರ ಹೆಸರು ಉಳಿದಿರುವುದು ಮಾತ್ರ ಬೇರೊಂದು ಕಾಯಕದಿಂದ.

12ನೆಯ ಶತಮಾನದ ಶರಣರ ವಚನಗಳು ಅಂದು ಬಹುಮಟ್ಟಿಗೆ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಗರಿಯ ಕಟ್ಟುಗಳಾಗಿದ್ದವು. ಎಷ್ಟೋ ಕಡೆ ಅವು ಪೂಜೆಗೆ ಸಲ್ಲುತ್ತಿದ್ದವೇ ಹೊರತು ಓದಿಗಲ್ಲ. ನಂಬಿಕೆಯೇ ಆ ಕಟ್ಟುಗಳನ್ನು ಕಾಪಾಡಿತು. ಅದೇ ನಂಬಿಕೆ ಅವನ್ನು ಓದುಗರಿಂದ ಮರೆಯಾಗಿಯೂ ಇರಿಸಿತು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ ತಂದು, ಓದಿ, ಪ್ರತಿಮಾಡಿ, ವಿಂಗಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಮುಂದೆ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಮನೆ ಮಾರಿದ ಸಂಗತಿಯನ್ನು ಭಾಷಣಗಳಲ್ಲಿ ಕೇಳಿ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಮನೆಯೆಂಬುದು ಒಬ್ಬರದಲ್ಲ. ಅಲ್ಲಿ ಒಲೆ ಹಚ್ಚುವವರಿದ್ದಾರೆ, ಆಡಿ ಬೆಳೆಯುವ ಮಕ್ಕಳಿದ್ದಾರೆ. ನನ್ನ ಸಂಬಳದಲ್ಲಿ ಒಂದು ಪಾಲು ಪುಸ್ತಕದಂಗಡಿಗೆ ಹೋದ ತಿಂಗಳುಗಳಲ್ಲಿ ದಿನಸಿಯ ಲೆಕ್ಕವನ್ನು ಹೇಗೋ ಹೊಂದಿಸಿದವರು ನನ್ನ ಶ್ರೀಮತಿಯವರು. ಅದನ್ನು ಕಂಡ ನನಗೆ, ಹಳಕಟ್ಟಿಯವರ ತ್ಯಾಗದಲ್ಲಿ ಅವರ ಮನೆಯವರಿಗೂ ಸಮಪಾಲು ಸಲ್ಲಬೇಕೆನಿಸುತ್ತದೆ.

ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ಅವರು ಹಾಕಿದ ದಾರಿಯಲ್ಲಿ ಅನೇಕ ವಿದ್ವಾಂಸರು ನಡೆದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಂದು ಸಾವಿರಾರು ವಚನಗಳು ಅಂತರ್ಜಾಲದಲ್ಲಿಯೇ ದೊರೆಯುತ್ತವೆ. ಒಂದು ಪದ ಬೆರಳಚ್ಚಿಸಿದರೆ ಸಾಕು, ಅದು ಯಾವ ಯಾವ ಶರಣರ ವಚನಗಳಲ್ಲಿದೆಯೆಂದು ಕ್ಷಣದಲ್ಲಿ ತಿಳಿಯುತ್ತದೆ. ಹಳಕಟ್ಟಿಯವರಿಗೆ ಇದಕ್ಕೆ ಎಷ್ಟು ದಿನ ಹಿಡಿಯುತ್ತಿತ್ತೋ!

ಅದೇ ಅಂತರ್ಜಾಲದಲ್ಲಿ ದಿನವೂ ನನ್ನ ಮೊಬೈಲಿಗೆ ‘ಬಸವಣ್ಣನವರ ನುಡಿಮುತ್ತು’ಗಳು ಬರುತ್ತವೆ. ಕೆಲವಕ್ಕೆ ಅಂಕಿತವಿಲ್ಲ, ಕೆಲವುಗಳ ಭಾಷೆ ನಿನ್ನೆ ಮೊನ್ನೆಯದು. ಕಳಿಸುವವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಶ್ರಮವಿಲ್ಲದ ಭಕ್ತಿ ಮತ್ತೆ ಆ ಓಲೆಗರಿಯ ಕಾಲಕ್ಕೇ ನಮ್ಮನ್ನು ಒಯ್ಯುತ್ತದೆ: ಕೈಮುಗಿಯುವುದುಂಟು, ಓದುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಇನ್ನು ಮುಂದೆ ಇಂಥ ಸಂದೇಶ ಬಂದಾಗ ಮತ್ತೊಬ್ಬರಿಗೆ ಕಳಿಸುವ ಮುನ್ನ ಅದು ವಚನ ಸಂಪುಟಗಳಲ್ಲಿದೆಯೇ ಎಂದು ಹುಡುಕಿ ನೋಡಿರಿ. ಐದು ನಿಮಿಷದ ಕೆಲಸ. ಮನೆಯನ್ನೇ ಮಾರಿ ಅವುಗಳನ್ನು ನಮ್ಮ ಕೈಗಿತ್ತವರಿಗೆ ಅಷ್ಟಾದರೂ ಸಲ್ಲಬೇಡವೇ?