ಕೋಲಾರ ಸೀಮೆಯ ವೀರಗಲ್ಲುಗಳು: ದೇವಲೋಕ ಸೇರಿದ ಮನುಷ್ಯರು

ದನಕರುಗಳನ್ನು, ಊರನ್ನು, ಹೆಣ್ಣುಮಕ್ಕಳ ಮಾನವನ್ನು ಕಾಯಲು ಹೋಗಿ ಅಥವಾ ಒಡೆಯನ ಪರವಾಗಿ ಕಾದಾಡಿ ಸತ್ತವನ ನೆನಪಿಗೆ ನೆಟ್ಟ ಕೆತ್ತನೆಯ ಕಲ್ಲೇ ವೀರಗಲ್ಲು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇಂಥ ಕಲ್ಲುಗಳು ಕೆರೆಯ ಏರಿಯ ಮೇಲೆ, ಊರಮುಂದಿನ ಗುಡಿಯ ಮಗ್ಗುಲಲ್ಲಿ, ಹೊಲದ ಬದುಗಳಲ್ಲಿ ನಿಂತಿವೆ. ಕಲ್ಲಿನ ಕೆಳಭಾಗದಲ್ಲಿ ಕಾಳಗ ನಡೆದಿರುತ್ತದೆ. ಮೇಲ್ಗಡೆ ಅದೇ ಮನುಷ್ಯನನ್ನು ಅಪ್ಸರೆಯರು ದೇವಲೋಕಕ್ಕೆ ಕರೆದೊಯ್ಯುತ್ತಿರುತ್ತಾರೆ. ನಿನ್ನೆಯವರೆಗೆ ದನ ಕಾಯುತ್ತಿದ್ದವನು ಇಂದು ದೇವತೆಗಳ ಸಾಲಿನಲ್ಲಿ ಕುಳಿತಿದ್ದಾನೆ ಎಂಬುದನ್ನು ಈ ಸೀಮೆಯ ಜನ ನಂಬಿದ್ದಷ್ಟೇ ಅಲ್ಲ, ಕಲ್ಲಿನಲ್ಲಿ ಬರೆಸಿಯೂ ಇಟ್ಟರು.

ದೇವರೇ ಮನುಷ್ಯರ ನಡುವೆ ಬಂದು ಬಾಳಿದ ಕಥೆಗಳಿಗೆ ಇಲ್ಲಿ ಬರವಿಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎನ್ನುತ್ತಾರೆ. ಕುರುಡುಮಲೆಯ ಗಣಪತಿಯನ್ನು ತ್ರಿಮೂರ್ತಿಗಳೇ ಪ್ರತಿಷ್ಠಾಪಿಸಿದರಂತೆ. ಕೋಲಾರದ ಬೆಟ್ಟದ ಸುತ್ತ ರೇಣುಕೆ, ಪರಶುರಾಮ, ಕಾರ್ತವೀರ್ಯಾರ್ಜುನರ ಕಥೆ ಹಬ್ಬಿದೆ. ಇವೆಲ್ಲ ಮೇಲಿನವರು ಕೆಳಗಿಳಿದು ಬಂದ ಕಥೆಗಳು. ಕೆಳಗಿನವನು ಮೇಲೇರಿದ ಕಥೆ ಬೇಕೆಂದರೆ ವೀರಗಲ್ಲನ್ನೇ ನೋಡಬೇಕು.

ಮರ್ತ್ಯರು ದೇವರ ನಡುವೆ ಬಾಳುವ ಕಲ್ಪನೆ ಗ್ರೀಕರ ಪುರಾಣಗಳಲ್ಲೂ ಇದೆ. ಟ್ರಾಯ್ ನಗರದ ಗ್ಯಾನಿಮೀಡ್ ಎಂಬ ಹುಡುಗನ ಚೆಲುವಿಗೆ ಮನಸೋತ ದೇವತೆಗಳು ಅವನನ್ನು ಒಲಿಂಪಸ್ಸಿಗೆ ಒಯ್ದು, ದೇವತೆಗಳ ಒಡೆಯ ಜ್ಯೂಸನಿಗೆ ಪಾನಪಾತ್ರೆ ಹಿಡಿಯುವ ಕೆಲಸಕ್ಕೆ ಇಟ್ಟುಕೊಂಡರು. ಉಷೆಯ ದೇವತೆ ಇಯೋಸ್ ಟಿಥೋನಸ್ ಎಂಬುವನನ್ನು ಕರೆದೊಯ್ದು ಅವನಿಗೆ ಸಾವಿಲ್ಲದ ವರ ಕೊಡಿಸಿದಳು. ಯೌವನ ಕೇಳುವುದನ್ನು ಮರೆತದ್ದರಿಂದ ಅವನು ಸಾಯಲೂ ಆಗದೆ ಮುಪ್ಪಿನಲ್ಲಿ ಸುಕ್ಕುತ್ತ ಹೋದ. ದೇವತೆಗಳ ಪಂಕ್ತಿಯಲ್ಲಿ ಉಂಡ ಟ್ಯಾಂಟಲಸ್ ಆ ಸಲಿಗೆಯನ್ನು ದುರುಪಯೋಗಪಡಿಸಿಕೊಂಡು ಪಾತಾಳಕ್ಕೆ ಬಿದ್ದ. ನಮ್ಮ ನಹುಷನೂ ಇಂದ್ರಪದವಿ ಏರಿ ಹೆಬ್ಬಾವಾದವನೇ, ತ್ರಿಶಂಕುವಂತೂ ನಡುವೆಯೇ ನೇತಾಡಿದ. ರಾಜರು, ರಾಜಕುಮಾರರಿಗೆ ಸ್ವರ್ಗ ದಕ್ಕಿದ್ದು ಎರಡೂ ಕಡೆ ಅಷ್ಟಕ್ಕಷ್ಟೆ. ಕೋಲಾರದ ಕಲ್ಲಿನ ಮೇಲಿರುವವನು ಮಾತ್ರ ಒಮ್ಮೆ ಹತ್ತಿದರೆ ಇಳಿಯುವುದಿಲ್ಲ. ಅವನ ಜೊತೆಗೆ ಸೂರ್ಯಚಂದ್ರರನ್ನೂ ಕೆತ್ತಿ ಅದನ್ನು ಗಟ್ಟಿ ಮಾಡುತ್ತಾರೆ.

ಬಳ್ಳಿಗಾವೆ, ಶಿಕಾರಿಪುರದ ಕಡೆಯ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗೆ ಯುದ್ಧ, ನಡುವೆ ಅಪ್ಸರೆಯರ ನಡುವಿನ ಪ್ರಯಾಣ, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಗಂಗ, ನೊಳಂಬರ ಕಾಲದ ಕೋಲಾರ ಸೀಮೆಯ ಕಲ್ಲುಗಳಲ್ಲಿ ಈ ಅಚ್ಚುಕಟ್ಟು ಕಡಿಮೆ. ಹಲವು ಕಲ್ಲುಗಳಲ್ಲಿ ಒಂದೇ ಆಕೃತಿ ಇಡೀ ಹಲಗೆಯನ್ನು ತುಂಬಿಕೊಂಡಿರುತ್ತದೆ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ. ಮೊಣಕಾಲು ಮುಂದಕ್ಕೆ ಬಾಗಿದೆ. ಎದೆಗೋ ತೊಡೆಗೋ ಬಾಣ ನೆಟ್ಟಿದೆ. ಕಾಲ ಬಳಿಯ ಮೂಲೆಯಲ್ಲಿ ನಾಲ್ಕಾರು ದನಗಳ ತಲೆ ಒಂದರ ಹಿಂದೊಂದು ಇಣುಕುತ್ತವೆ. ದೇವಲೋಕಕ್ಕೆ ಉಳಿಯುವುದು ಮೇಲಿನ ಒಂದು ಮೂಲೆ ಮಾತ್ರ. ಅಲ್ಲಿ ಗೇಣುದ್ದದ ಇಬ್ಬರು ಹೆಂಗಸರು ಅದೇ ಮನುಷ್ಯನನ್ನು ತೋಳು ಹಿಡಿದು ಮೇಲೆತ್ತುತ್ತಿರುತ್ತಾರೆ. ಇಲ್ಲಿನ ಕಲ್ಲು ಗಡುಸು; ಬಳಪದ ಕಲ್ಲಿನಲ್ಲಿ ಸಿಗುವ ಕುಸುರಿಗೆ ಅದು ಬಗ್ಗುವುದಿಲ್ಲ. ಸ್ವರ್ಗ ಮೂಲೆಗೆ ಸರಿಯಲು ಇದೂ ಒಂದು ಕಾರಣವಿರಬಹುದು. ಆದರೂ ಈ ಅಳತೆ ನನಗೆ ಸರಿಯೆಂದೇ ತೋರುತ್ತದೆ: ಆ ಊರಿನವರು ಕಣ್ಣಾರೆ ಕಂಡದ್ದು ಕಾಳಗವನ್ನು, ಸ್ವರ್ಗವನ್ನಲ್ಲ.

ಕೆತ್ತನೆ ತೋರಿಸುವುದನ್ನೇ ಬರಹವೂ ಹೇಳುತ್ತದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ, ಎಂದರೆ ಸುಮಾರು ಕ್ರಿ.ಶ. 750ರ ಕಲ್ಲು, ರಟ್ಟವಾಡಿಯ ದಾಳಿಯಲ್ಲಿ ಊರಿಗಾಗಿ ಕಾದಾಡಿದ ಕಿಟ್ಟಯ್ಯ ಇಂದ್ರಲೋಕವನ್ನು ಹೊಕ್ಕನೆಂದು ಹೇಳುತ್ತದೆ. ಸತ್ತ ಎಂಬ ಮಾತಿನ ಜಾಗದಲ್ಲಿ ಹೊಕ್ಕ ಎಂಬ ಮಾತು ಕೂತಿದೆ. ಮುಂದಿನ ಶತಮಾನಗಳಲ್ಲಿ ಸ್ವರ್ಗಸ್ಥನಾದ, ಸುರಲೋಕಪ್ರಾಪ್ತನಾದ ಎಂಬ ಮಾತುಗಳು ವೀರಗಲ್ಲುಗಳಿಗೆ ರೂಢಿಯಾದವು. ಗೆದ್ದವನಿಗೆ ಸಂಪತ್ತು, ಸತ್ತವನಿಗೆ ದೇವಕನ್ಯೆ, ಹೀಗಿರುವಾಗ ಸಾವಿಗೆ ಅಂಜುವುದೇಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದು ಕರ್ನಾಟಕದ ಅನೇಕ ಕಲ್ಲುಗಳಲ್ಲಿ ಮತ್ತೆಮತ್ತೆ ಬರುತ್ತದೆ. ಅದನ್ನು ಬರೆಸಿದವರು ಬದುಕಿ ಉಳಿದವರು ಎಂಬುದನ್ನೂ ಓದುವಾಗ ನೆನಪಿಡಬೇಕು.

ಸ್ವರ್ಗದ ಮಾತು ಮುಗಿದ ಕೂಡಲೇ ಶಾಸನ ಜಮೀನಿನ ಮಾತಿಗೆ ಇಳಿಯುತ್ತದೆ. ಸತ್ತವನ ಮನೆಯವರಿಗೆ ಗದ್ದೆಯನ್ನೋ ಹಳ್ಳಿಯನ್ನೋ ಬಿಟ್ಟುಕೊಡುತ್ತಿದ್ದರು. ಅದಕ್ಕೆ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಹೆಸರುಗಳಿದ್ದವು. ಬಾಳ್ ಎಂದರೆ ಕತ್ತಿ; ಅದನ್ನು ತೊಳೆದು ಕೊಟ್ಟ ದಾನ ಬಾಳ್ಗಳ್ಚು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ಇದಕ್ಕೆ ಒಳ್ಳೆಯ ಸಾಕ್ಷಿ. ಸುಮಾರು ಕ್ರಿ.ಶ. 900ರ ಹೊತ್ತಿಗೆ ಗಂಗ ಎರೆಯಪ್ಪನ ಅಪ್ಪಣೆಯಂತೆ ನೊಳಂಬ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ, ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಆನೆಪಡೆಯ ವಿರುದ್ಧ ಹೋರಾಡಿ ಸತ್ತ. ಎರೆಯಪ್ಪ ಅವನ ಪಟ್ಟವನ್ನು ಇರುಗ ಎಂಬುವನಿಗೆ ಕಟ್ಟಿ, ಬೆಂಪೂರು (ಈಗಿನ ಬೇಗೂರು) ಹನ್ನೆರಡು ಎಂಬ ವಿಭಾಗದ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ. ದಾನಕ್ಕೆ ಸೇರಿದ ಊರುಗಳ ಹೆಸರು ಒಂದೊಂದಾಗಿ ಕಲ್ಲಿನ ಮೇಲಿವೆ.

ಗ್ರೀಕರ ಕಥೆಯಲ್ಲೂ ಇಂಥ ಪರಿಹಾರವಿದೆ. ಗ್ಯಾನಿಮೀಡನನ್ನು ಕಳೆದುಕೊಂಡ ತಂದೆ ಟ್ರೋಸನಿಗೆ ಜ್ಯೂಸ್ ದಿವ್ಯವಾದ ಕುದುರೆಗಳನ್ನು ಕೊಟ್ಟನೆಂದು ಹೋಮರನ ಇಲಿಯಡ್ ಹೇಳುತ್ತದೆ. ಮಗ ದೇವರ ಪಾಲಾದರೆ ಮನೆಗೆ ಬದಲು ಏನಾದರೂ ಬರಬೇಕು ಎಂಬ ಲೆಕ್ಕ ಎರಡೂ ಕಡೆ ಒಂದೇ. ಅಲ್ಲಿ ಕೊಟ್ಟವನು ಕರೆದೊಯ್ದ ದೇವರು; ಇಲ್ಲಿ ಕೊಟ್ಟವನು ಯುದ್ಧಕ್ಕೆ ಕಳಿಸಿದ ಒಡೆಯ, ಇಲ್ಲವೆ ದನ ಉಳಿಸಿಕೊಂಡ ಊರು. ಈ ಕಲ್ಲುಗಳ ಸ್ವರ್ಗವನ್ನು ಬರೀ ಶೌರ್ಯದ ಹಾಡೆಂದು ಓದುವುದು ಅರೆ ಓದು. ಅದು ಅರ್ಧ ನಂಬಿಕೆ, ಅರ್ಧ ಕರಾರು.

ಇಷ್ಟೊಂದು ಕಾಳಗ ಈ ಸೀಮೆಗೇ ಯಾಕೆ ಬಂತು? ಕೋಲಾರ ಗಂಗರ ಮೊದಲ ರಾಜಧಾನಿ. ತಲಕಾಡಿಗೆ ಹೋದ ಮೇಲೂ ಅವರು, ಕೋಲಾರದ ಹಳೆಯ ಹೆಸರನ್ನು ಹೊತ್ತ, ಕುವಳಾಲಪುರವರೇಶ್ವರ ಎಂಬ ಬಿರುದನ್ನು ಬಿಡಲಿಲ್ಲ. ಪೂರ್ವಕ್ಕೆ, ಮುಳಬಾಗಿಲು, ಶ್ರೀನಿವಾಸಪುರದಿಂದ ಈಗಿನ ಪುಂಗನೂರು, ಮದನಪಲ್ಲಿಯ ಕಡೆಗೆ ಬಾಣರ ಆಳ್ವಿಕೆ ಚಾಚಿತ್ತು. ಬಾಣರು ತಮ್ಮನ್ನು ಮಹಾಬಲಿಯ ವಂಶದವರೆಂದು ಕರೆದುಕೊಳ್ಳುತ್ತಿದ್ದರು; ದೇವರಿಂದ ಸೋತರೂ ದೇವರನ್ನೇ ಬಾಗಿಲು ಕಾಯಲು ನಿಲ್ಲಿಸಿಕೊಂಡವನು ಆ ಮಹಾಬಲಿ. ಉತ್ತರದಿಂದ ನೊಳಂಬರು, ಆಚೆಯಿಂದ ವೈದುಂಬರು. ಬಾಣ, ವೈದುಂಬರು ಒಂದು ಕಡೆ, ನೊಳಂಬ, ಗಂಗರು ಇನ್ನೊಂದು ಕಡೆ ನಿಂತ ಸೋರೆಮಡಿಯ ಕಾಳಗ ಹಲವು ವೀರಗಲ್ಲುಗಳಿಗೆ ಕಾರಣವಾಯಿತು. ರಾಜರ ಯುದ್ಧವಿಲ್ಲದ ವರ್ಷಗಳಲ್ಲಿ ತುರುಗೊಳ್ ಇತ್ತು. ಒಂದೂರಿನ ದನ ಹೊಡೆದುಕೊಂಡು ಹೋಗುವುದು, ಬೆನ್ನಟ್ಟಿದವರು ತಿರುಗಿಸಿ ತರುವುದು. ಹಾಗೆ ಹೋಗಿ ಹಿಂತಿರುಗದ ಗಾವುಂಡರು, ಆಳುಗಳು ಈ ಕಲ್ಲುಗಳಲ್ಲಿದ್ದಾರೆ. ಇಂಥ ಗೌರವ ಮನುಷ್ಯರಿಗೆ ಮಾತ್ರ ಸಿಗಲಿಲ್ಲ: ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949–50ರ ಕಲ್ಲು ಕಾಳಿ ಎಂಬ ನಾಯಿಯದು. ಹಂದಿಯೊಡನೆ ಹೋರಾಡಿ ಸತ್ತ ಅದಕ್ಕೂ ಪೂಜೆಯ ವ್ಯವಸ್ಥೆ ಮಾಡಿದ್ದರು.

ಕತ್ತಿ ಹಿಡಿಯದೆಯೂ ದೇವರ ಸಾಲಿಗೆ ಸೇರುವ ದಾರಿ ಇತ್ತು. ಆವಣಿಯ ಶಾಸನವೊಂದು, ಅಲ್ಲಿನ ಸ್ಥಾನವನ್ನು, ಎಂದರೆ ಗುಡಿಗಳ ಆಡಳಿತವನ್ನು, ನಲವತ್ತು ವರ್ಷ ನಡೆಸಿ ಐವತ್ತು ದೇವಾಲಯ, ಎರಡು ದೊಡ್ಡ ಕೆರೆ ಕಟ್ಟಿಸಿ ಕ್ರಿ.ಶ. 931ರಲ್ಲಿ ತೀರಿಕೊಂಡ ತ್ರಿಭುವನಕರ್ತಾರದೇವ ಎಂಬ ಶೈವ ಯತಿಯ ವಿಷಯ ಹೇಳುತ್ತದೆ. ಅವನನ್ನು ಕಲಿಯುಗ ರುದ್ರ ಎಂದು ಕರೆದರು. ಮಳೆ ಕಡಿಮೆಯ ಈ ನೆಲದಲ್ಲಿ ಕೆರೆ ಕಟ್ಟಿಸಿದವನಿಗೆ ಇಂಥ ಹೆಸರು ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೆಂಗಸರ ಪಾಲಿನ ದಾರಿ ಬೆಂಕಿಯದು. ಗಂಡನ ಚಿತೆ ಏರಿದವಳಿಗೆ ನೆಟ್ಟ ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಟ ಒಂದು ತೋಳು, ಅದರ ತುಂಬ ಬಳೆ, ತೆರೆದ ಅಂಗೈ, ಬೆರಳ ನಡುವೆ ನಿಂಬೆಹಣ್ಣು. ವೀರ ದೇವರ ನೆರೆಯವನಾದರೆ, ಇವಳು ಮಾಸ್ತಿಯಮ್ಮ ಎಂಬ ದೇವತೆಯೇ ಆಗಿಬಿಟ್ಟಳು. ಮಾಲೂರು ತಾಲ್ಲೂಕಿನ ಮಾಸ್ತಿಗೆ ಹೆಸರು ಹೀಗೇ ಬಂದಿತೆನ್ನುತ್ತಾರೆ. ಆ ಹೆಸರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮೂಲಕ ಕನ್ನಡ ನಾಡಿಗೆಲ್ಲ ಪರಿಚಿತವಾಯಿತು. ವೀರನಿಗೆ ಓಡಿಹೋಗುವ ದಾರಿಯಾದರೂ ತೆರೆದಿತ್ತು. ಚಿತೆಯ ಮುಂದೆ ನಿಂತವಳಿಗೆ ಎಷ್ಟು ಆಯ್ಕೆ ಇತ್ತೆಂಬುದನ್ನು ಯಾವ ಮಾಸ್ತಿಕಲ್ಲೂ ಹೇಳುವುದಿಲ್ಲ.

11ನೇ ಶತಮಾನದ ಮೊದಲಲ್ಲಿ ಈ ಸೀಮೆ ಚೋಳರ ಕೈಸೇರಿ ನಿಗರಿಲಿಚೋಳಮಂಡಲ ಎನಿಸಿಕೊಂಡಿತು. ಕೋಲಾರಮ್ಮನ ಗುಡಿಯ ಇಟ್ಟಿಗೆಯ ಭಾಗ ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಾಯಿತು. ಶಾಸನಗಳ ಭಾಷೆ ತಮಿಳಿಗೆ ತಿರುಗಿತು. ಹೊಯ್ಸಳರ ಕಾಲದಲ್ಲೂ, ಮುಳಬಾಗಿಲು ಒಂದು ಪ್ರಾಂತ್ಯದ ಕೇಂದ್ರವಾಗಿದ್ದ ವಿಜಯನಗರದ ಕಾಲದಲ್ಲೂ ಕಲ್ಲು ನೆಡುವುದು ನಿಲ್ಲಲಿಲ್ಲ. ಆದರೆ 9, 10ನೇ ಶತಮಾನಗಳ ಹುರುಪು ಮತ್ತೆ ಬರಲಿಲ್ಲ.

ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟ ಕೋಲಾರ ಜಿಲ್ಲೆಯದು. ಇಲ್ಲಿನ ವೀರರ ಹೆಸರು ಓದುಗರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಅದರಿಂದ. ವೀರನ ಬದುಕು, ನಂಬಿಕೆಗಳನ್ನು ಶಾಸನಗಳಿಂದ ಹೆಕ್ಕಿ ತೆಗೆದವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಬರೆದ ಎಂ. ಚಿದಾನಂದಮೂರ್ತಿ. ಆರ್. ಶೇಷಶಾಸ್ತ್ರಿ ಕರ್ನಾಟಕದ ವೀರಗಲ್ಲುಗಳ ಮೇಲೆಯೇ ಪುಸ್ತಕ ಬರೆದರು. ಷ. ಶೆಟ್ಟರ್ ಮತ್ತು ಗುಂಟರ್ ಸೋಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ 1982ರಲ್ಲಿ ಧಾರವಾಡದಿಂದ ಬಂತು.

ಹೋಮರನ ಒಡಿಸ್ಸಿಯಲ್ಲಿ ಹೆರಾಕ್ಲೀಸ್ ಎರಡಾಗಿ ಕಾಣಿಸುತ್ತಾನೆ: ಅವನ ನೆರಳು ಸತ್ತವರ ಲೋಕದಲ್ಲಿ ಬಿಲ್ಲು ಹಿಡಿದು ಅಲೆಯುತ್ತದೆ, ಅವನು ಮಾತ್ರ ದೇವತೆಗಳೊಡನೆ ಉಣ್ಣುತ್ತ ಕುಳಿತಿದ್ದಾನೆ. ಕೋಲಾರದ ವೀರನ ಪಾಡೂ ಹೀಗೇ ಆಗಿದೆ. ಈಗ ಓದಲು ಬಾರದ ಲಿಪಿಯಲ್ಲಿ ಅವನ ಹೆಸರು ಹೂತುಹೋಗಿದೆ. ಸುಣ್ಣ ಬಳಿದು ಅರಿಶಿನ ಕುಂಕುಮ ಇಟ್ಟು ಹಬ್ಬದ ದಿನ ಎಡೆ ಇಡುವವರಿಗೆ ಅವನು ಬರೀ ಊರದೇವರು. ಎಡೆಯೂ ಸಿಗದ ಕಲ್ಲುಗಳು ಚರಂಡಿಯ ಚಪ್ಪಡಿಯಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ. ಆವಣಿಯ ರಾಮಲಿಂಗೇಶ್ವರ ಗುಡಿಗಳೂ ಕೋಲಾರದ ಸೋಮೇಶ್ವರ, ಕೋಲಾರಮ್ಮನ ಗುಡಿಗಳೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಹೊಲದ ಬದುವಿನ ವೀರಗಲ್ಲಿಗೆ ಆ ಹೊಲದವನೇ ಕಾವಲು. ಅವನು ಬೇಲಿ ಹಾಕುವಾಗ ಅದನ್ನು ಬಳಸಿಕೊಂಡು ಹೋದರೆ ಉಳಿಯಿತು, ಜೆಸಿಬಿ ತರಿಸಿದರೆ ಹೋಯಿತು.